ಮಂಡಿ ಕೆಳಗಿನ ದಿಂಬು: ಕೃತಕ ಕಾಲಿನ ವರ್ಕ್‌ಶಾಪಿನಿಂದ ಎಂಬಿಬಿಎಸ್ ಪಾಠಕ್ಕೆ ಬಂದ ಒಂದು ಪ್ರಕರಣ

ಮಂಡ್ಯ ಕಡೆಯ ರೈತರು. ವಯಸ್ಸು 55ರ ಆಸುಪಾಸು. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಕಬ್ಬಿನ ಗದ್ದೆಯಲ್ಲಿ ಬರಿಗಾಲಲ್ಲಿ ಓಡಾಡುವಾಗ ಅಂಗಾಲಿಗೆ ಕೂಳೆ ಚುಚ್ಚಿದೆ. ಪಾದದಲ್ಲಿ ಸ್ಪರ್ಶಜ್ಞಾನ ಹೋಗಿದ್ದರಿಂದ ನೋವೇ ಗೊತ್ತಾಗಿಲ್ಲ. ಗೊತ್ತಾಗುವ ಹೊತ್ತಿಗೆ ಕೀವು ಹಿಮ್ಮಡಿ ದಾಟಿತ್ತು. ಮಂಡಿಯ ಕೆಳಗೆ ಕಾಲು ತೆಗೆದರು.

ಐದು ತಿಂಗಳ ಮೇಲೆ ಅವರು ನನ್ನ ವರ್ಕ್‌ಶಾಪಿಗೆ ಬಂದರು. ನಾನು ಪ್ರಾಸ್ಥೆಟಿಸ್ಟ್. ಕೃತಕ ಕೈಕಾಲು ಅಳತೆ ತೆಗೆದು, ಮಾಡಿ, ಹಾಕಿ, ನಡೆಸುವುದು ನನ್ನ ಕೆಲಸ. ಬ್ಯಾಂಡೇಜ್ ಬಿಚ್ಚಿ ನೋಡಿದೆ. ಆಪರೇಷನ್ ತುಂಬಾ ಚೆನ್ನಾಗಿ ಆಗಿತ್ತು. ಮಂಡಿಯಿಂದ ಕೆಳಗೆ 14 ಸೆಂಟಿಮೀಟರ್ ಉಳಿಸಿದ್ದರು. ಮಂಡಿ ಕೆಳಗಿನ ದೊಡ್ಡ ಮೂಳೆಯ ಮುಂದಿನ ಅಂಚನ್ನು ಇಳಿಜಾರಾಗಿ ಉಜ್ಜಿದ್ದರು. ಪಕ್ಕದ ಸಣ್ಣ ಮೂಳೆಯನ್ನು ಒಂದೂವರೆ ಸೆಂಟಿಮೀಟರಿನಷ್ಟು ಮೇಲಕ್ಕೇ ಕತ್ತರಿಸಿದ್ದರು. ಹೊಲಿಗೆಯ ಗೆರೆ ನೀಟಾಗಿ ಒಣಗಿತ್ತು. ಕಾಲು ತೆಗೆದ ಮೇಲೆ ಉಳಿಯುವ ಭಾಗಕ್ಕೆ ನಾವು ಸ್ಟಂಪ್ ಅನ್ನುತ್ತೇವೆ. ನಮ್ಮವರ ಮಾತಲ್ಲಿ ಹೇಳುವುದಾದರೆ ಒಳ್ಳೆ ಸ್ಟಂಪ್.

ಆದರೆ ಮಂಡಿ ನೆಟ್ಟಗಾಗಲಿಲ್ಲ. ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ಇಟ್ಟು ನೋಡಿದೆ. 28 ಡಿಗ್ರಿ ಬಾಗಿ ನಿಂತಿತ್ತು.

"ಮಲಗುವಾಗ ಕಾಲು ಹೇಗೆ ಇಟ್ಟುಕೊಳ್ತಿದ್ರಿ?" ಅಂತ ಕೇಳಿದೆ.

"ದಿಂಬಿನ ಮ್ಯಾಲೆ ಕಣವ್ವ. ಆಪರೇಸನ್ ಆದ ರಾತ್ರಿ ತಡಿಯಕ್ಕಾಗದೆ ಒದ್ದಾಡ್ತಿದ್ದೆ. ಒಬ್ರು ಚಿಕ್ಕ ಡಾಕ್ಟ್ರು ಬಂದು ಮಂಡಿ ಕೆಳಗೆ ದಿಂಬು ಮಡಗಿದ್ರು. ಎಷ್ಟೋ ಹಾಯಾಯ್ತು. ದೇವರಂಥ ಹುಡುಗ. ಆಮ್ಯಾಕೆ ಮನೇಲೂ ಅಂಗೇ ಮಡಿಕೊಂಡೆ."

ಆ ಚಿಕ್ಕ ಡಾಕ್ಟ್ರು ಇನ್ನೂ ನಮ್ಮ ಆಸ್ಪತ್ರೆಯಲ್ಲೇ ಇಂಟರ್ನ್‌ಶಿಪ್ ಮಾಡುತ್ತಿದ್ದರು. ಕ್ಯಾಂಟೀನಿನಲ್ಲಿ ಸಿಕ್ಕಾಗ ವಿಷಯ ಹೇಳಿದೆ. ಹುಡುಗನ ಮುಖ ಇಳಿದುಹೋಯಿತು. "ನಾನು ತಪ್ಪು ಮಾಡಿದೆನಾ ಮೇಡಂ? ನಮಗೆ ಯಾರೂ ಹೇಳಿರಲಿಲ್ಲ" ಅಂದರು.

ನಿಜ. ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ನನ್ನ ವರ್ಕ್‌ಶಾಪ್ ಅದೇ ಕಟ್ಟಡದ ನೆಲಮಹಡಿಯಲ್ಲಿ ಎಂಟು ವರ್ಷದಿಂದ ಇತ್ತು. ಎರಡು ಮಹಡಿ ಮೇಲೆ ವಾರ್ಡು. ಪ್ರತಿವರ್ಷ 150 ಹುಡುಗ ಹುಡುಗಿಯರು ಆ ವಾರ್ಡು ದಾಟಿ ಹೋಗುತ್ತಿದ್ದರು. ಅವರಲ್ಲಿ ಒಬ್ಬರೂ ಕೆಳಗೆ ಇಳಿದು ಬಂದಿರಲಿಲ್ಲ. ನಾನೂ ಮೇಲೆ ಹತ್ತಿ ಹೋಗಿರಲಿಲ್ಲ.

ಇದು ಮುಂದೆ ನನ್ನ ವೃತ್ತಿಯನ್ನೇ ಬದಲಿಸಿದ ಕೇಸು. ರೋಗಿಯ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿ ಬರೆಯುತ್ತಿದ್ದೇನೆ. ನನ್ನಂತೆ ವರ್ಕ್‌ಶಾಪಿನಿಂದ ವೈದ್ಯಕೀಯ ಶಿಕ್ಷಣದ ಕಡೆ ಹೊರಳಬೇಕೆಂದು ಯೋಚಿಸುವವರು ಇದನ್ನು ಓದಿದರೆ ಒಳ್ಳೆಯದು ಅನ್ನುವುದು ನನ್ನ ಆಸೆ.

ದಿಂಬು ಮಾಡಿದ್ದೇನು

ಕಾಲು ತೆಗೆದ ಮೇಲೆ ಮಂಡಿ ಮಡಚಿಟ್ಟರೆ ನೋವು ಕಡಿಮೆ ಅನಿಸುತ್ತದೆ. ಹಿಂದೊಡೆಯ ಸ್ನಾಯುಗಳಿಗೆ ಎಳೆತ ತಪ್ಪುತ್ತದೆ. ಆದರೆ ಅದೇ ಸ್ಥಿತಿಯಲ್ಲಿ ವಾರಗಟ್ಟಲೆ ಇದ್ದರೆ ಆ ಸ್ನಾಯುಗಳು ಗಿಡ್ಡವಾಗುತ್ತವೆ. ಮಂಡಿಯ ಹಿಂದಿನ ಪೊರೆಯೂ ಬಿಗಿಯುತ್ತದೆ. ಇದೇ ಕಾಂಟ್ರಾಕ್ಚರ್. ಮಂಡಿ ಕೆಳಗಿನ ಕಾಲಿನ ಭಾರ ಹೋಗಿರುವುದರಿಂದ ಮಂಡಿಯನ್ನು ಕೆಳಕ್ಕೆ ಎಳೆದು ನೆಟ್ಟಗೆ ಮಾಡುವ ಶಕ್ತಿಯೂ ಇರುವುದಿಲ್ಲ.

ಈಗ ಕೃತಕ ಕಾಲಿನ ವಿಷಯಕ್ಕೆ ಬನ್ನಿ. ಮಂಡಿ ಕೆಳಗಿನ ಕಾಲಿಗೆ ನಾವು ಇಂದಿಗೂ ಜಾಸ್ತಿ ಬಳಸುವ ಸಾಕೆಟ್ಟಿನ, ಅಂದರೆ ಸ್ಟಂಪ್ ಒಳಗೆ ಕೂರುವ ಗೂಡಿನ, ಮೂಲ ವಿನ್ಯಾಸ ಅಮೆರಿಕದ ಬರ್ಕಲಿಯಲ್ಲಿ 1950ರ ದಶಕದ ಕೊನೆಯಲ್ಲಿ ಬಂದದ್ದು. ಪಿಟಿಬಿ (ಪಟೆಲ್ಲರ್ ಟೆಂಡನ್ ಬೇರಿಂಗ್) ಅನ್ನುತ್ತೇವೆ. ಸ್ಟಂಪಿನ ತುದಿಯ ಮೇಲೆ ಮೈಭಾರ ಹಾಕುವಂತಿಲ್ಲ. ಅಲ್ಲಿ ಚರ್ಮ ಒಡೆಯುತ್ತದೆ. ಅದಕ್ಕೇ ಮಂಡಿಚಿಪ್ಪಿನ ಕೆಳಗಿನ ದಪ್ಪ ನಾರು, ಮಂಡಿ ಕೆಳಗಿನ ದೊಡ್ಡ ಮೂಳೆಯ ಒಳಬದಿ, ಹಿಂದಿನ ಮೀನಖಂಡ, ಹೀಗೆ ಒತ್ತಡ ತಡೆಯುವ ಜಾಗಗಳಿಗೆ ಭಾರ ಹಂಚುತ್ತೇವೆ. ಮಂಡಿ ಸುಮಾರಾಗಿ ನೆಟ್ಟಗಿದ್ದರೆ ಮಾತ್ರ ಈ ಲೆಕ್ಕ ಕೂಡಿಬರುತ್ತದೆ. ಹತ್ತು ಹದಿನೈದು ಡಿಗ್ರಿ ಬಾಗಿದ್ದರೆ ಕಾಲಿನ ಭಾಗಗಳನ್ನು ಜೋಡಿಸುವ ಅಲೈನ್‌ಮೆಂಟಿನಲ್ಲಿ ಸರಿತೂಗಿಸಬಹುದು. 25 ದಾಟಿದರೆ ಕಷ್ಟ. ಪಾದ ಹಿಂದಕ್ಕೆ ಹೋಗುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ, ಸ್ಟಂಪಿನ ಮುಂದಿನ ಮೂಳೆಯಂಚು ಸಾಕೆಟ್ಟಿಗೆ ಉಜ್ಜುತ್ತದೆ. ಸಕ್ಕರೆ ಕಾಯಿಲೆಯವರಿಗೆ ಅಲ್ಲೊಂದು ಹುಣ್ಣಾದರೆ ಮತ್ತೆ ಆಪರೇಷನ್ ಥಿಯೇಟರಿನ ದಾರಿ.

ನಮ್ಮ ರೈತರು ಹತ್ತು ವಾರ ಫಿಸಿಯೋಥೆರಪಿಗೆ ಅಲೆದರು. ಬೋರಲು ಮಲಗುವುದು, ಮಂಡಿ ಮೇಲೆ ಮರಳಿನ ಚೀಲ, ಹಂತಹಂತವಾಗಿ ನೆಟ್ಟಗೆ ಮಾಡುವ ಸ್ಪ್ಲಿಂಟ್. ಪ್ರತಿಸಲ ಊರಿಂದ ಬಸ್ಸು, ಮಗನಿಗೆ ಕೂಲಿ ರಜ. 28 ಇದ್ದದ್ದು 14ಕ್ಕೆ ಇಳಿಯಿತು. ಆಮೇಲೆ ಕಾಲು ಕೂಡಿಸಿದೆ. ಅವರೀಗ ನಡೆಯುತ್ತಾರೆ. ಆದರೆ ಅವರು ಕಳೆದುಕೊಂಡ ಆ ತಿಂಗಳುಗಳಿಗೆ ಕಾರಣ ಒಂದು ದಿಂಬು, ಅಷ್ಟೇ. ಅದನ್ನು ಇಟ್ಟವರು ನಿರ್ಲಕ್ಷ್ಯದಿಂದ ಇಡಲಿಲ್ಲ, ಕರುಣೆಯಿಂದ ಇಟ್ಟರು. ಇದೇ ನನ್ನನ್ನು ಜಾಸ್ತಿ ಕಾಡಿದ್ದು. ನಿರ್ಲಕ್ಷ್ಯವಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು.

ಮೊದಲ ಪಾಠ ಸೋತಿದ್ದು

ಮೂಳೆ ವಿಭಾಗದ ಪ್ರೊಫೆಸರ್ ಹತ್ತಿರ ಹೋಗಿ "ಒಂದು ಕ್ಲಾಸು ಕೊಡಿ ಸರ್" ಅಂದೆ. ಅವರು ಒಳ್ಳೆ ಮನುಷ್ಯ. ಮೂರನೇ ವರ್ಷದವರ ಒಂದು ಗಂಟೆ ಬಿಟ್ಟುಕೊಟ್ಟರು.

ನಾನು 58 ಸ್ಲೈಡ್ ಮಾಡಿಕೊಂಡು ಹೋದೆ. ಸಾಕೆಟ್ಟಿನ ವಿಧಗಳು, ಪಾದದ ವಿಧಗಳು, ಮಂಡಿ ಜಾಯಿಂಟಿನ ವಿಧಗಳು. ಮಂಡಿ ಮೇಲಿನ ಕಾಲು, ಸೊಂಟದಿಂದ ತೆಗೆದ ಕಾಲು, ಕೈ. ನನಗೆ ಗೊತ್ತಿರುವುದನ್ನೆಲ್ಲ ಒಂದು ಗಂಟೆಯಲ್ಲಿ ಸುರಿದೆ. ಜೈಪುರ ಕಾಲಿನ ಕಥೆ ಬಂದಾಗ ಮಾತ್ರ ತಲೆಗಳು ಮೇಲೆದ್ದವು. ಕೊನೆಗೆ ಚಪ್ಪಾಳೆ ತಟ್ಟಿದರು. ನನಗೆ ಖುಷಿಯಾಯಿತು. ಪಾಠ ಚೆನ್ನಾಗಿ ಆಯಿತು ಅಂದುಕೊಂಡೆ.

ಎರಡು ವಾರದ ನಂತರ ವಾರ್ಡಿನಲ್ಲಿ ಅದೇ ಬ್ಯಾಚಿನ ಹುಡುಗಿಯೊಬ್ಬಳು ಸಿಕ್ಕಳು. ಮುಂದಿನ ಸಾಲಿನಲ್ಲಿ ಕೂತು ನೋಟ್ಸ್ ಬರೆದುಕೊಂಡವಳು. ಹೊಸದಾಗಿ ಕಾಲು ತೆಗೆದ ರೋಗಿಯೊಬ್ಬರಿದ್ದರು. "ಸ್ಟಂಪಿಗೆ ಬ್ಯಾಂಡೇಜ್ ಕಟ್ಟಿ ತೋರಿಸಮ್ಮ" ಅಂದೆ. ಅವಳು ಕ್ರೇಪ್ ಬ್ಯಾಂಡೇಜನ್ನು ಬಳೆ ತೊಡಿಸಿದ ಹಾಗೆ ಸುತ್ತಿಗೆ ಮೇಲೆ ಸುತ್ತು ಸುತ್ತಿದಳು. ಮೇಲ್ಭಾಗ ಬಿಗಿ, ತುದಿ ಸಡಿಲ. ಹೀಗೆ ಕಟ್ಟಿದರೆ ರಕ್ತ, ನೀರು ತುದಿಯಲ್ಲೇ ನಿಂತು ಸ್ಟಂಪ್ ಸೋರೆಬುರುಡೆಯ ಹಾಗೆ ಊದಿಕೊಳ್ಳುತ್ತದೆ. ಕಟ್ಟಬೇಕಾದದ್ದು ಇಂಗ್ಲಿಷಿನ ಎಂಟರ ಆಕಾರದಲ್ಲಿ, ಓರೆಓರೆಯಾಗಿ. ತುದಿಯಲ್ಲಿ ಬಿಗಿ, ಮೇಲೆ ಹೋಗ್ತಾ ಹೋಗ್ತಾ ಸಡಿಲ.

"ಎಂಟರ ಆಕಾರ ಅಂತ ಹೇಳಿದ್ದೆ ಅಲ್ವಾ?" ಅಂದೆ. "ಹೌದು ಮೇಡಂ, ಸ್ಲೈಡಿನಲ್ಲಿತ್ತು" ಅಂದಳು. ಪುಸ್ತಕ ತೆಗೆದು ತೋರಿಸಿದಳು. ಬರೆದುಕೊಂಡಿದ್ದಳು, ಅಡಿಗೆರೆ ಸಹ ಎಳೆದಿದ್ದಳು.

ಅವತ್ತು ರಾತ್ರಿ ತುಂಬಾ ಹೊತ್ತು ಯೋಚಿಸಿದೆ. ವರ್ಕ್‌ಶಾಪಿನಲ್ಲಿ ನಾನು ಎಂದಾದರೂ ಹೀಗೆ ಮಾಡಿದ್ದೇನಾ? ಕಾಲು ಮಾಡಿ, ಮೇಜಿನ ಮೇಲೆ ನಿಲ್ಲಿಸಿ, ಚೆನ್ನಾಗಿದೆ ಅಂತ ಹೇಳಿ ಮನೆಗೆ ಕಳಿಸಿದ್ದೇನಾ? ಇಲ್ಲವೇ ಇಲ್ಲ. ಮೊದಲು ಟ್ರಯಲ್ ಸಾಕೆಟ್ ಹಾಕುತ್ತೇವೆ. ಪ್ಯಾರಲಲ್ ಬಾರ್ ಹಿಡಿಸಿ ನಡೆಸುತ್ತೇವೆ. ಆಮೇಲೆ ಸಾಕೆಟ್ ತೆಗೆದು ಚರ್ಮ ನೋಡುತ್ತೇವೆ. ಎಲ್ಲಿ ಕೆಂಪಾಗಿದೆ, ಹತ್ತು ನಿಮಿಷದಲ್ಲಿ ಆ ಕೆಂಪು ಇಳಿಯಿತಾ? ನಾರಿನ ಮೇಲೆ ಕೆಂಪಿದ್ದರೆ ಸರಿ, ಅಲ್ಲಿ ಭಾರ ಬೀಳಲೇಬೇಕು. ಪಕ್ಕದ ಸಣ್ಣ ಮೂಳೆಯ ತಲೆ ಮೇಲೆ ಕೆಂಪಾಗಿದ್ದು ಇಳಿಯದೇ ಇದ್ದರೆ ಅಲ್ಲಿ ಸಾಕೆಟ್ ಬಿಡಿಸಬೇಕು. ರೋಗಿ "ಪರವಾಗಿಲ್ಲ ಮೇಡಂ" ಅಂದರೂ ನಾನು ಚರ್ಮವನ್ನೇ ನಂಬುತ್ತೇನೆ. ಎಷ್ಟೋ ಜನ ನನಗೆ ಬೇಜಾರಾಗಬಾರದು ಅಂತಲೇ ಪರವಾಗಿಲ್ಲ ಅನ್ನುತ್ತಾರೆ.

ಆ ಚಪ್ಪಾಳೆಯೂ ಅಂಥದ್ದೇ "ಪರವಾಗಿಲ್ಲ" ಆಗಿತ್ತು. ನಾನು ಚರ್ಮ ನೋಡಿರಲಿಲ್ಲ.

ಕೈಗೆ ಗೊತ್ತಿದ್ದದ್ದನ್ನು ಬಾಯಿಗೆ ತರುವುದು

ನಮ್ಮ ಓದು ನಾಲ್ಕು ವರ್ಷ, ಮೇಲೆ ಆರು ತಿಂಗಳ ಇಂಟರ್ನ್‌ಶಿಪ್. ಆದರೆ ಕೆಲಸ ಕಲಿಯುವುದು ವರ್ಕ್‌ಶಾಪಿನ ಹಿರಿಯರ ಪಕ್ಕ ನಿಂತು. ನನಗೆ ಕಲಿಸಿದವರು ಒಬ್ಬ ಟೆಕ್ನಿಷಿಯನ್. ಅವರ ಪಾಠದಲ್ಲಿ ಮಾತು ಕಡಿಮೆ. ಸ್ಟಂಪಿನ ಮೇಲೆ ತೆಳು ಬಟ್ಟೆ ಎಳೆದು, ಒದ್ದೆ ಮಾಡಿ, ಕಾಪಿಯಿಂಗ್ ಪೆನ್ಸಿಲಿನಿಂದ ಮೂಳೆಯ ಗುರುತುಗಳನ್ನು ಬರೆಯುತ್ತಿದ್ದರು. ಅದರ ಮೇಲೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬ್ಯಾಂಡೇಜ್. ಅದು ಗಟ್ಟಿಯಾಗುವ ಮುಂಚೆ ಎರಡೂ ಹೆಬ್ಬೆರಳಿನಿಂದ ಮಂಡಿಚಿಪ್ಪಿನ ಕೆಳಗೆ ಒತ್ತಿ ಹಿಡಿಯುತ್ತಿದ್ದರು. ಒಣಗಿದ ಮೇಲೆ ಕಳಚಿದರೆ ಒಳಗೆ ನೇರಳೆ ಗೆರೆಗಳು ಅಚ್ಚಾಗಿ ಬಂದಿರುತ್ತಿದ್ದವು. ಅದರೊಳಗೆ ಪಿಒಪಿ ಸುರಿದು ಮೋಲ್ಡ್ ಮಾಡಿ, ಅರದಿಂದ ಉಜ್ಜುತ್ತಿದ್ದರು. ಭಾರ ಬೀಳಬೇಕಾದಲ್ಲಿ ಉಜ್ಜಿ ತೆಗೆಯಬೇಕು, ಭಾರ ಬೀಳಬಾರದಲ್ಲಿ ಮೆತ್ತಿ ಏರಿಸಬೇಕು. ಎಷ್ಟು? "ಇನ್ನೊಂಚೂರು" ಅನ್ನುತ್ತಿದ್ದರು. ನನ್ನ ಬೆರಳು ಹಿಡಿದು ಮೋಲ್ಡಿನ ಮೇಲೆ ಆಡಿಸುತ್ತಿದ್ದರು. ಆ "ಇನ್ನೊಂಚೂರು" ಎಷ್ಟು ಅಂತ ನನ್ನ ಬೆರಳಿಗೆ ಅರ್ಥವಾಗಲು ಎರಡು ವರ್ಷ ಹಿಡಿಯಿತು.

ಇಂಥ ಕಲಿಕೆಯಿಂದ ಬಂದವರಿಗೆ ವೈದ್ಯಕೀಯ ಶಿಕ್ಷಣದ ಬರಹಗಳು ಮೊದಲಿಗೆ ಕಬ್ಬಿಣದ ಕಡಲೆ. ನನಗಂತೂ ಹಾಗೇ ಆಯಿತು. ಆದರೆ ಎರಡು ವಿಚಾರಗಳು ಮನಸ್ಸಿಗೆ ನಾಟಿದವು. ಒಂದು, 1990ರಲ್ಲಿ ಜಾರ್ಜ್ ಮಿಲ್ಲರ್ ಬರೆದ ನಾಲ್ಕು ಮೆಟ್ಟಿಲು: ಗೊತ್ತಿರುವುದು, ಹೇಗೆ ಅಂತ ಗೊತ್ತಿರುವುದು, ಮಾಡಿ ತೋರಿಸುವುದು, ನಿಜವಾದ ಕೆಲಸದಲ್ಲಿ ಮಾಡುವುದು. ನೋಟ್ಸಿನಲ್ಲಿ ಅಡಿಗೆರೆ ಎಳೆದ ಹುಡುಗಿ ಮೊದಲ ಮೆಟ್ಟಿಲಲ್ಲಿದ್ದಳು. ನಾನು ಅವಳನ್ನು ನಾಲ್ಕನೆಯದರಲ್ಲಿ ನಿಂತಿದ್ದಾಳೆ ಅಂದುಕೊಂಡಿದ್ದೆ. ಇನ್ನೊಂದು, ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಜೊತೆಯವರು 1975ರಲ್ಲಿ ಪ್ರಕಟಿಸಿದ ಪರೀಕ್ಷಾ ವಿಧಾನ, ಓಎಸ್‌ಸಿಇ. ವಿದ್ಯಾರ್ಥಿ ಒಂದೊಂದು ಸ್ಟೇಷನ್ನಿಗೆ ಹೋಗಿ, ಕೊಟ್ಟ ನಿಮಿಷದಲ್ಲಿ ಒಂದು ಕೆಲಸ ಮಾಡಿ ತೋರಿಸಬೇಕು. ಪರೀಕ್ಷಕರು ಚೆಕ್‌ಲಿಸ್ಟ್ ಹಿಡಿದು ನೋಡುತ್ತಾರೆ. ಇದನ್ನು ಓದಿದಾಗ ನಮ್ಮ ಟ್ರಯಲ್ ರೂಮೇ ಕಣ್ಣ ಮುಂದೆ ಬಂತು.

ಆಮೇಲೆ ಎರಡು ವರ್ಷದ ಒಂದು ವೈದ್ಯಕೀಯ ಶಿಕ್ಷಣ ಫೆಲೋಶಿಪ್ ಮಾಡಿದೆ. ಇಂಥ ಪಾರ್ಟ್‌ಟೈಮ್ ಕಾರ್ಯಕ್ರಮಗಳು ನಮ್ಮ ದೇಶದಲ್ಲಿ ಹಲವಿವೆ. ವೈದ್ಯಕೀಯ ಬೋಧಕರಿಗೆ ತರಬೇತಿ ಕೊಡುವ ಫೈಮರ್ ಸಂಸ್ಥೆಯ ಪ್ರಾದೇಶಿಕ ಕೇಂದ್ರಗಳು ಮುಂಬೈ, ಲುಧಿಯಾನ, ಕೊಯಮತ್ತೂರುಗಳಲ್ಲಿ ಕೆಲಸ ಮಾಡಿವೆ. ಮಣಿಪಾಲದ್ದು ಬೇರೆ ಬೇರೆ ವೃತ್ತಿಯವರು ಕೂಡಿ ಕಲಿಯುವುದರ ಮೇಲೇ ಗಮನ ಇಟ್ಟದ್ದು. ಅಲ್ಲಿ ಕಲಿಯುವವರು ತಮ್ಮ ಸಂಸ್ಥೆಯಲ್ಲೇ ಒಂದು ಪ್ರಾಜೆಕ್ಟ್ ಮಾಡಬೇಕು. ನನ್ನ ಫೆಲೋಶಿಪ್ಪಿನಲ್ಲೂ ಹಾಗೇ ಇತ್ತು. ನಾನು ದಿಂಬನ್ನೇ ಪ್ರಾಜೆಕ್ಟ್ ಮಾಡಿಕೊಂಡೆ.

ಪಾಠ ಬದಲಾಗಿದ್ದು

58 ಸ್ಲೈಡ್ ಬಿಟ್ಟೆ. ಒಬ್ಬ ಸಾಮಾನ್ಯ ಎಂಬಿಬಿಎಸ್ ಡಾಕ್ಟರು ಕಾಲು ತೆಗೆದ ರೋಗಿಗೆ ಮಾಡಲೇಬೇಕಾದದ್ದು ಏನು ಅಂತ ಕೂತು ಬರೆದೆ. ಮೂರೇ ಉಳಿದವು. ಮಂಡಿ ಬಾಗದ ಹಾಗೆ ಮಲಗಿಸುವುದು. ಬ್ಯಾಂಡೇಜ್ ಸರಿಯಾಗಿ ಕಟ್ಟುವುದು. ಹಾಕಿಕೊಂಡ ಕಾಲು ಸರಿಯಾಗಿ ಕೂತಿದೆಯಾ ಅಂತ ನೋಡಿ ಹೇಳುವುದು. ಸಾಕೆಟ್ಟಿನ ವಿಧಗಳು ಅವರಿಗೆ ಬೇಕಾಗಿಯೇ ಇರಲಿಲ್ಲ. ಅದು ನನ್ನ ಕೆಲಸ.

ಅದೃಷ್ಟಕ್ಕೆ 2019ರ ಆಗಸ್ಟಿನಿಂದ ಎಂಬಿಬಿಎಸ್‌ಗೆ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂದಿತ್ತು. ಅದರಲ್ಲಿ ಊರುಗೋಲು ಬಳಸುವುದನ್ನು ತೋರಿಸುವುದು, ಕಾಲು ತೆಗೆದವರಿಗೆ ಕೃತಕ ಅಂಗ ಸರಿಯಾಗಿ ಕೂತಿದೆಯಾ ಅಂತ ಗುರುತಿಸುವುದು ಸ್ಪಷ್ಟವಾಗಿಯೇ ಇದೆ. ಎಷ್ಟೋ ಕಾಲೇಜುಗಳಲ್ಲಿ ಪುನರ್ವಸತಿ ವೈದ್ಯಕೀಯದ ವಿಭಾಗವೇ ಇಲ್ಲ, ಹಾಗಾಗಿ ಆ ಸಾಲುಗಳನ್ನು ಯಾರು ಕಲಿಸಬೇಕು ಅನ್ನುವ ಪ್ರಶ್ನೆ ಹಾಗೇ ಉಳಿದಿತ್ತು. ನಾನು ಆ ಪುಟವನ್ನು ಹಿಡಿದುಕೊಂಡೇ ಡೀನ್ ಹತ್ತಿರ ಹೋದೆ. ನನ್ನಂಥವರಿಗೆ ಇದನ್ನು ಒತ್ತಿ ಹೇಳುತ್ತೇನೆ: ಹೋಗುವಾಗ ಬರೀ ಉತ್ಸಾಹ ತಗೊಂಡು ಹೋಗಬೇಡಿ, ಪಠ್ಯಕ್ರಮದ ಸಾಲು ತಗೊಂಡು ಹೋಗಿ.

12 ಜನರ ಗುಂಪು. ಪಾಠ ವರ್ಕ್‌ಶಾಪಿನಲ್ಲಿ. ಮೊದಲ ಇಪ್ಪತ್ತು ನಿಮಿಷ ನಾನು ಮಾತಾಡುವುದಿಲ್ಲ. ಕಾಲು ಹಾಕಿಕೊಂಡವರೊಬ್ಬರು ಮಾತಾಡುತ್ತಾರೆ. ಮೊದಲ ಮೇಷ್ಟ್ರಾಗಿ ಬಂದವರು ನಮ್ಮ ಮಂಡ್ಯದ ರೈತರೇ. ಬಸ್ಸಿನ ಖರ್ಚು, ಆ ದಿನದ ಕೂಲಿ, ಊಟ ಇಷ್ಟನ್ನೂ ಕಾಲೇಜೇ ಕೊಡಬೇಕು ಅಂತ ಮೊದಲೇ ಬರೆಸಿಕೊಂಡಿದ್ದೆ. ಅವರನ್ನು ಸುಮ್ನೆ ಕರೆಸಿ ಪ್ರದರ್ಶನಕ್ಕಿಟ್ಟು ಕಳಿಸುವುದು ಸರಿಯಲ್ಲ.

ಅವರು ಬೆಂಚಿನ ಮೇಲೆ ಕೂತು, ಪಂಚೆ ಎತ್ತಿ, ಕಾಲು ಕಳಚಿ ಪಕ್ಕದಲ್ಲಿಟ್ಟರು. ಒಂದೊಂದೇ ಕಾಲುಚೀಲ ತೆಗೆದರು. ಒಟ್ಟು ಮೂರು. "ಬೆಳಗ್ಗೆ ಎರಡು ಹಾಕ್ತೀನಿ. ಮಧ್ಯಾಹ್ನಕ್ಕೆ ಕಾಲು ಸೊರಗ್ತದೆ, ಆಗ ಇನ್ನೊಂದು" ಅಂದರು. ಸ್ಟಂಪಿನ ಗಾತ್ರ ದಿನದೊಳಗೇ ಬದಲಾಗುತ್ತದೆ ಅನ್ನುವುದನ್ನು ನಾನು ಸ್ಲೈಡಿನಲ್ಲಿ ಹೇಳಿದ್ದೆ. ಆ ಮೂರನೇ ಕಾಲುಚೀಲ ಕಂಡಾಗ ಹುಡುಗರ ಮುಖದಲ್ಲಿ ಆದ ಬದಲಾವಣೆ ಸ್ಲೈಡಿನಲ್ಲಿ ಆಗಿರಲಿಲ್ಲ. ಆಮೇಲೆ ದಿಂಬಿನ ಕಥೆ ಹೇಳಿದರು. ಆ ಇಂಟರ್ನ್ ಬಗ್ಗೆ ಅವರಿಗೆ ಇಂದಿಗೂ ಕೋಪವಿಲ್ಲ. "ಒಳ್ಳೆ ಹುಡುಗ ಕಣಪ್ಪ. ಗೊತ್ತಿರ್ನಿಲ್ಲ, ಅಷ್ಟೇಯ" ಅಂದರು.

ಇಲ್ಲೊಂದು ಭಾಷೆಯ ತೊಡಕೂ ಬಂತು. ನಮ್ಮ ವಿದ್ಯಾರ್ಥಿಗಳಲ್ಲಿ ಬೇರೆ ರಾಜ್ಯದವರು ಬಹಳ. ಹೊಸ ಪಠ್ಯಕ್ರಮದ ಫೌಂಡೇಷನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆ ಕಲಿಸಬೇಕು ಅಂತಿದೆ. ಆದರೆ ಅಲ್ಲಿ ಕಲಿಯುವುದು "ನಿಮ್ಮ ಹೆಸರೇನು, ಎಲ್ಲಿ ನೋವು" ಇಷ್ಟೇ. ವಾರ್ಡಿನಲ್ಲಿ ಒಬ್ಬ ಹುಡುಗ ರೋಗಿಯ ತಾಯಿಗೆ "ಪಿಲ್ಲೋ ನೋ, ಪಿಲ್ಲೋ ನೋ" ಅನ್ನುತ್ತಿದ್ದ. ಆ ಅಜ್ಜಿ ತಲೆಯ ಕೆಳಗಿದ್ದ ದಿಂಬು ತೆಗೆದರು. ಮಂಡಿ ಕೆಳಗಿನದು ಹಾಗೇ ಇತ್ತು. ಆವತ್ತಿನಿಂದ ಪಾಠದಲ್ಲಿ ನಾಲ್ಕು ಕನ್ನಡ ವಾಕ್ಯ ಸೇರಿಸಿದೆ. "ಮಂಡಿ ಕೆಳಗೆ ದಿಂಬು ಬೇಡ. ಮಂಡಿ ನೆಟ್ಟಗೆ ಇರಲಿ. ದಿನಾ ಸ್ವಲ್ಪ ಹೊತ್ತು ಬೋರಲು ಮಲಗಿ. ನೋವಾದರೆ ನಮಗೆ ಹೇಳಿ, ಮಾತ್ರೆ ಕೊಡ್ತೀವಿ." ಕೊನೆಯ ವಾಕ್ಯ ಮುಖ್ಯ. ನೋವಿಗೆ ಏನೂ ಕೊಡದೆ ದಿಂಬು ಮಾತ್ರ ಕಿತ್ತುಕೊಂಡರೆ ರೋಗಿ ರಾತ್ರಿ ಮತ್ತೆ ಇಟ್ಟುಕೊಳ್ಳುತ್ತಾರೆ.

ಕಂಬಳಿಯ ಸ್ಟೇಷನ್

ವರ್ಷದ ಕೊನೆಗೆ ಓಎಸ್‌ಸಿಇಯಲ್ಲಿ ನನಗೊಂದು ಸ್ಟೇಷನ್ ಸಿಕ್ಕಿತು. ಐದು ನಿಮಿಷ. ಪ್ರೊಫೆಸರ್ ಮೊದಲು ಒಪ್ಪಲಿಲ್ಲ. "ಕಾಲು ಯಾವಾಗ ತೆಗೆಯಬೇಕು ಅಂತ ಕೇಳೋಣ, ಅದು ಮುಖ್ಯ" ಅಂದರು. ಅವರ ಮಾತೂ ಸರಿಯೇ. ಅದನ್ನು ಬರವಣಿಗೆ ಪರೀಕ್ಷೆಯಲ್ಲಿ ಕೇಳಬಹುದು, ಇದನ್ನು ಬರವಣಿಗೆಯಲ್ಲಿ ಕೇಳಲು ಆಗುವುದಿಲ್ಲ ಅಂತ ವಿವರಿಸಿದೆ. ಒಪ್ಪಿದರು.

ಮೊದಲ ಸಲ ನನ್ನ ಚೆಕ್‌ಲಿಸ್ಟೇ ತಪ್ಪಾಗಿತ್ತು. "ಮಂಡಿ ಕೆಳಗೆ ದಿಂಬು ಇಡಬಾರದು ಎಂದು ತಿಳಿಸುತ್ತಾರೆ" ಅಂತ ಒಂದು ಅಂಶ ಬರೆದಿದ್ದೆ. ಹೆಚ್ಚುಕಡಿಮೆ ಎಲ್ಲರೂ ಬಂದು ಆ ವಾಕ್ಯ ಒಪ್ಪಿಸಿ ಅಂಕ ತಗೊಂಡರು. ಎರಡನೇ ದಿನ ನಮ್ಮ ಆಯಾ ಹಾಸಿಗೆ ಸರಿಮಾಡುವಾಗ ಮಡಚಿದ ಕಂಬಳಿಯೊಂದನ್ನು ಹೊದಿಕೆಯೊಳಗೆ ಮರೆತರು. ಅದು ರೋಗಿಯ ಪಾತ್ರ ಮಾಡುತ್ತಿದ್ದವರ ಮಂಡಿಯ ಕೆಳಗೇ ಇತ್ತು. ಮಂಡಿ ಎದ್ದು ಕಾಣುವಷ್ಟು ಬಾಗಿತ್ತು. ಒಬ್ಬರಾದ ಮೇಲೊಬ್ಬರು ಬಂದರು. "ದಿಂಬು ಇಡಬೇಡಿ" ಅಂದರು. ಕಂಬಳಿಯನ್ನು ಯಾರೂ ತೆಗೆಯಲಿಲ್ಲ. ನಾನು ಚೆಕ್‌ಲಿಸ್ಟಿನಲ್ಲಿ ಟಿಕ್ ಹಾಕುತ್ತಾ ಕೂತಿದ್ದೆ. ಆರನೆಯವರಿಗೆ ಟಿಕ್ ಹಾಕುವಾಗ ಪೆನ್ನು ನಿಂತಿತು.

ಮುಂದಿನ ವರ್ಷ ಕಂಬಳಿಯನ್ನು ಬೇಕೆಂದೇ ಇಟ್ಟೆ. ಕೆಲವು ಗುಂಪಿಗೆ ಸುತ್ತಿದ ಟವೆಲ್, ಕೆಲವು ಗುಂಪಿಗೆ ಮಂಚದ ಮಡಚುವ ಭಾಗವನ್ನೇ ಎತ್ತಿಟ್ಟೆ. ಚೆಕ್‌ಲಿಸ್ಟಿನ ಮೊದಲ ಅಂಶ "ಹೊದಿಕೆ ಸರಿಸಿ ಮಂಡಿ ನೋಡುತ್ತಾರೆ" ಅಂತಾಯಿತು. ಎರಡನೆಯದು "ಕೆಳಗಿರುವ ವಸ್ತುವನ್ನು ತೆಗೆಯುತ್ತಾರೆ, ಯಾಕೆಂದು ರೋಗಿಗೆ ಹೇಳುತ್ತಾರೆ". ಪಾಠದಲ್ಲೂ ಇದನ್ನೇ ಮಾಡಿಸಿದೆ. ಪಾಠ ಮತ್ತು ಪರೀಕ್ಷೆ ಎರಡನ್ನೂ ಒಟ್ಟಿಗೆ ತಿದ್ದಬೇಕು. ಒಂದನ್ನು ಮಾತ್ರ ತಿದ್ದಿದರೆ ವಿದ್ಯಾರ್ಥಿಗಳು ಪರೀಕ್ಷೆ ಹೇಳಿದ ಕಡೆ ಹೋಗುತ್ತಾರೆ.

ಹುದ್ದೆ ಅನ್ನುವ ಗೋಡೆ

ಇನ್ನು ವೃತ್ತಿಯ ವಿಷಯ. ಇದನ್ನು ಮುಚ್ಚಿಡದೆ ಹೇಳಬೇಕು.

ಪ್ರಾಸ್ಥೆಟಿಸ್ಟ್‌ಗಳ ನೋಂದಣಿ ಆಗುವುದು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, 1992ರ ಕಾಯ್ದೆಯ ಅಡಿ. ಅದು ಸಾಮಾಜಿಕ ನ್ಯಾಯ ಸಚಿವಾಲಯದ ಕೆಳಗೆ ಬರುತ್ತದೆ. ಎಂಬಿಬಿಎಸ್ ನಡೆಯುವುದು ಆರೋಗ್ಯ ಸಚಿವಾಲಯದ ಕೆಳಗಿನ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದಂತೆ. ಮೆಡಿಕಲ್ ಕಾಲೇಜಿನಲ್ಲಿ ಎಂಬಿಬಿಎಸ್ ಓದದವರು ಬೋಧಕರಾಗಲು ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿಯಂಥ ಕೆಲವೇ ವಿಭಾಗಗಳಲ್ಲಿ ಅವಕಾಶ. ಪ್ರಾಸ್ಥೆಟಿಸ್ಟ್‌ಗೆ ಆ ಪಟ್ಟಿಯಲ್ಲಿ ಜಾಗ ಇಲ್ಲ. ನಾನು ಮೂರು ವರ್ಷ ಪಾಠ ಮಾಡಿದ ಮೇಲೂ ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಟೆಕ್ನಿಕಲ್ ಸಿಬ್ಬಂದಿಯ ಪುಟದಲ್ಲೇ ಇತ್ತು. ಆ ಪುಟದಲ್ಲಿ ಇರುವುದಕ್ಕೆ ನನಗೆ ನಾಚಿಕೆಯಿಲ್ಲ, ನನಗೆ ಕೆಲಸ ಕಲಿಸಿದವರ ಹೆಸರೂ ಅಲ್ಲೇ ಇತ್ತು. ಆದರೆ ಬಡ್ತಿ, ಸಂಶೋಧನೆಯ ಹಣ, ನೈತಿಕ ಸಮಿತಿಗೆ ಅರ್ಜಿ, ಎಲ್ಲದಕ್ಕೂ ಬೋಧಕರ ಹುದ್ದೆ ಕೇಳುತ್ತಾರೆ. ಒಂದು ಸಂದರ್ಶನದಲ್ಲಿ ಸಮಿತಿಯ ಒಬ್ಬರು ಫೈಲು ಮುಚ್ಚಿ "ನೀವು ಡಾಕ್ಟರ್ ಅಲ್ಲವಲ್ಲಮ್ಮ" ಅಂದರು. ನಾನು ಮಾಡಿದ ಪಾಠದ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ. ಅವತ್ತು ತುಂಬಾ ನೋವಾಯಿತು.

ದಾರಿ ಸಿಕ್ಕಿದ್ದು ಬೇರೆ ಕಡೆಯಿಂದ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಂದು ಚೌಕಟ್ಟು ಪ್ರಕಟಿಸಿತು. ಬೇರೆ ಬೇರೆ ಆರೋಗ್ಯ ವೃತ್ತಿಯವರು ಒಬ್ಬರ ಜೊತೆ ಒಬ್ಬರು, ಒಬ್ಬರಿಂದ ಒಬ್ಬರು, ಒಬ್ಬರ ಬಗ್ಗೆ ಒಬ್ಬರು ಕಲಿಯಬೇಕು ಅನ್ನುವುದು ಅದರ ತಿರುಳು. ಈ ವಿಚಾರ ಹರಡಿದಂತೆ ಕೆಲವು ವಿಶ್ವವಿದ್ಯಾಲಯಗಳಲ್ಲಿ ಆರೋಗ್ಯ ವೃತ್ತಿ ಶಿಕ್ಷಣ ಅನ್ನುವ ಪ್ರತ್ಯೇಕ ವಿಭಾಗಗಳು, ಸ್ನಾತಕೋತ್ತರ ಪದವಿಗಳು ಶುರುವಾಗಿವೆ. ಅಲ್ಲಿ ನರ್ಸ್, ಫಿಸಿಯೋ, ದಂತವೈದ್ಯರು, ನನ್ನಂಥವರು ಎಲ್ಲರಿಗೂ ಬಾಗಿಲಿದೆ. ನಾನು ಆ ಪದವಿ ಮುಗಿಸಿ ಈಗ ಅಂಥದ್ದೇ ಒಂದು ವಿಭಾಗದಲ್ಲಿದ್ದೇನೆ. ಪಠ್ಯಕ್ರಮ ಕಟ್ಟುವುದು, ಪರೀಕ್ಷೆಗಳನ್ನು ಪರಿಶೀಲಿಸುವುದು, ಹೊಸ ಬೋಧಕರಿಗೆ ತರಬೇತಿ ಕೊಡುವುದು ನನ್ನ ಈಗಿನ ಕೆಲಸ. ಈ ದಾರಿಯಲ್ಲಿ ಬರುವವರು ಒಂದು ವಿಷಯ ಮೊದಲೇ ವಿಚಾರಿಸಿ: ಆ ವಿಭಾಗದಲ್ಲಿ ನಿಮ್ಮ ಹುದ್ದೆ ಬೋಧಕರದ್ದಾ, ಸಂಯೋಜಕರದ್ದಾ? ನೇಮಕಾತಿ ಪತ್ರದಲ್ಲಿ ಆ ಪದ ಇರಲಿ. ಬಾಯಿಮಾತು ಸಾಲದು.

ಜೈಪುರ ಕಾಲಿನ ಬಗ್ಗೆ ಇಲ್ಲೇ ಒಂದು ಮಾತು. 1968ರ ಸುಮಾರಿಗೆ ಅದನ್ನು ರೂಪಿಸಿದವರು ಇಬ್ಬರು. ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯ ಮೂಳೆ ಶಸ್ತ್ರವೈದ್ಯ ಡಾ. ಪಿ. ಕೆ. ಸೇಠಿ ಮತ್ತು ಕುಶಲಕರ್ಮಿ ಮಾಸ್ಟರ್ ರಾಮಚಂದ್ರ ಶರ್ಮಾ. ಬರಿಗಾಲಲ್ಲಿ ನಡೆಯುವ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ, ಕುಕ್ಕರಗಾಲಲ್ಲಿ ಕೂರುವ ನಮ್ಮ ಜನಕ್ಕೆ ಒಗ್ಗುವ ರಬ್ಬರ್ ಪಾದ ಅದು. 1981ರಲ್ಲಿ ಸೇಠಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇದನ್ನು ಎಲ್ಲರೂ ಆವಿಷ್ಕಾರದ ಕಥೆ ಅಂತ ಹೇಳುತ್ತಾರೆ. ನನಗೆ ಅದು ಕಲಿಕೆಯ ಕಥೆಯಾಗಿ ಕಾಣುತ್ತದೆ. ಪ್ರೊಫೆಸರ್ ಒಬ್ಬರು ಕುಶಲಕರ್ಮಿಯ ಕೈಯಿಂದ ಕಲಿಯಲು ಸಿದ್ಧರಿದ್ದರು. ನನ್ನ ಪಾಠದಲ್ಲಿ ಈಗ ಅದನ್ನು ಹೀಗೇ ಹೇಳುತ್ತೇನೆ.

ಕಳೆದುಕೊಂಡದ್ದು

ಈ ಹೊಸ ವಿಭಾಗಕ್ಕೆ ಬಂದ ಮೊದಲ ಎರಡು ವರ್ಷ ನಾನು ಒಂದೇ ಒಂದು ಮೋಲ್ಡ್ ತೆಗೆಯಲಿಲ್ಲ. ಮೀಟಿಂಗು, ವರದಿ, ತರಬೇತಿ. ಒಂದು ದಿನ ವರ್ಕ್‌ಶಾಪಿನಲ್ಲಿ ಒಬ್ಬರು ರಜೆ ಅಂತ ನನ್ನನ್ನು ಕರೆದರು. ಪಿಒಪಿ ಸುತ್ತಿ ಹೆಬ್ಬೆರಳು ಒತ್ತಿ ಹಿಡಿದೆ. ಯಾವಾಗ ಬಿಡಬೇಕು ಅಂತ ಗೊತ್ತಾಗಲಿಲ್ಲ. ಪಿಒಪಿ ಗಟ್ಟಿಯಾಗುವಾಗ ಬೆಚ್ಚಗಾಗುತ್ತದೆ, ಆ ಬಿಸಿ ಒಂದು ಹದಕ್ಕೆ ಬಂದಾಗ ಕೈ ತಾನಾಗಿ ಬಿಡುತ್ತಿತ್ತು. ಅವತ್ತು ಬೇಗ ಬಿಟ್ಟೆ. ಅಚ್ಚು ಕುಸಿಯಿತು. ರೋಗಿ ಇನ್ನೊಮ್ಮೆ ಅರ್ಧ ಗಂಟೆ ಕೂರಬೇಕಾಯಿತು.

ಅಂದಿನಿಂದ ಶನಿವಾರ ಬೆಳಗ್ಗೆ ವರ್ಕ್‌ಶಾಪ್ ಬಿಟ್ಟು ಎಲ್ಲೂ ಹೋಗುವುದಿಲ್ಲ. ವಿಭಾಗದಲ್ಲಿ ಇದಕ್ಕೆ ಲಿಖಿತ ಒಪ್ಪಿಗೆ ತಗೊಂಡಿದ್ದೇನೆ. ಸಂಬಳದಲ್ಲಿ ಸ್ವಲ್ಪ ಕಡಿತ ಆಯಿತು. ಆಗಲಿ. ಕಾಲು ಮಾಡದೆ ಕಾಲಿನ ಪಾಠ ಮಾಡಲು ನನ್ನಿಂದ ಆಗದು. ವಿದ್ಯಾರ್ಥಿಗಳಿಗೂ ಅದು ಗೊತ್ತಾಗುತ್ತದೆ.

ಈಗಿನ ಸ್ಥಿತಿ

ವಾರ್ಡಿನಿಂದ ವರ್ಕ್‌ಶಾಪಿಗೆ ಕರೆ ಬರುವುದು ಈಗ ಬೇಗ. ಮೊದಲೆಲ್ಲ ಹೊಲಿಗೆ ಬಿಚ್ಚಿ, ಮನೆಗೆ ಕಳಿಸಿ, ತಿಂಗಳುಗಳಾದ ಮೇಲೆ ರೋಗಿಯೇ ಹುಡುಕಿಕೊಂಡು ಬರುತ್ತಿದ್ದರು. ಈಗ ಆಪರೇಷನ್ನಿಗೆ ಮುಂಚೆಯೇ ಪಿಜಿಗಳು, ಅಂದರೆ ಸ್ನಾತಕೋತ್ತರ ವಿದ್ಯಾರ್ಥಿಗಳು, ಫೋನ್ ಮಾಡಿ "ಮೇಡಂ, ಎಷ್ಟು ಉದ್ದ ಬಿಟ್ಟರೆ ಅನುಕೂಲ?" ಅಂತ ಕೇಳುತ್ತಾರೆ. ಎಲ್ಲರೂ ಅಲ್ಲ, ಕೆಲವರು. ಆ ದಿಂಬಿಟ್ಟ ಇಂಟರ್ನ್ ಈಗ ಬೇರೆ ಊರಿನಲ್ಲಿ ಮೂಳೆ ವಿಭಾಗದ ಪಿಜಿ. ತನ್ನ ಕಿರಿಯರಿಗೆ ಪಾಠ ಮಾಡುತ್ತೇನೆ, ಚೆಕ್‌ಲಿಸ್ಟ್ ಕಳಿಸಿ ಅಂತ ಕೇಳಿ ತರಿಸಿಕೊಂಡರು.

ಇನ್ನೂ ಸರಿಯಾಗದ್ದೂ ಇದೆ.

ರಾತ್ರಿ ಪಾಳಿ. ಹಗಲು ತೆಗೆದ ದಿಂಬು ರಾತ್ರಿ ಮತ್ತೆ ಮಂಡಿ ಕೆಳಗೆ ಬರುತ್ತದೆ. ಇಡುವವರು ಮನೆಯವರು, ಕೆಲವೊಮ್ಮೆ ಸಿಸ್ಟರ್. ನಾನು ಡಾಕ್ಟರುಗಳಿಗಷ್ಟೇ ಕಲಿಸಿದ್ದೆ. ಇದು ನನ್ನದೇ ಲೋಪ. ಹೋದ ತಿಂಗಳು ನರ್ಸಿಂಗ್ ಕಾಲೇಜಿನ ಜೊತೆ ಮಾತಾಡಿ ಮೊದಲ ಜಂಟಿ ಪಾಠ ಮಾಡಿದೆವು. ಆರು ಎಂಬಿಬಿಎಸ್, ಆರು ನರ್ಸಿಂಗ್. ಬೆಂಚಿನ ಮೇಲೆ ಮಂಡ್ಯದ ರೈತರೇ ಕೂತಿದ್ದರು, ಇದು ಅವರ ನಾಲ್ಕನೇ ವರ್ಷದ ಮೇಷ್ಟ್ರುಗಿರಿ. ಪಾಠದ ನಂತರ ಎಲ್ಲರೂ ಮೇಲೆ ವಾರ್ಡಿಗೆ ಹೋದೆವು. ಹಿಂದಿನ ದಿನ ಕಾಲು ತೆಗೆದ ಒಬ್ಬರು ಹೊದ್ದು ಮಲಗಿದ್ದರು. ಒಬ್ಬ ನರ್ಸಿಂಗ್ ವಿದ್ಯಾರ್ಥಿನಿ ಯಾರೂ ಹೇಳದೆ ಮುಂದೆ ಹೋದಳು. "ಅಣ್ಣ, ಸ್ವಲ್ಪ ಹೊದಿಕೆ ಸರಿಸ್ತೀನಿ" ಅಂದಳು. ಕೆಳಗೆ ಸುತ್ತಿಟ್ಟ ಸೀರೆಯೊಂದಿತ್ತು. ಅದನ್ನು ನಿಧಾನಕ್ಕೆ ಎಳೆದು, ಮಡಚಿ, ಮಂಚದ ಪಕ್ಕ ನಿಂತಿದ್ದ ಹೆಂಡತಿಯ ಕೈಗೆ ಕೊಟ್ಟು, ಯಾಕೆ ಅಂತ ಹೇಳತೊಡಗಿದಳು. ಅವಳ ಪಕ್ಕದಲ್ಲಿದ್ದ ಎಂಬಿಬಿಎಸ್ ಹುಡುಗ ಅಷ್ಟರಲ್ಲಿ ಚಾರ್ಟ್ ತೆಗೆದು ನೋವಿನ ಔಷಧಿ ಕೊನೆಯ ಸಲ ಯಾವಾಗ ಕೊಟ್ಟಿದ್ದಾರೆ ಅಂತ ನೋಡುತ್ತಿದ್ದ.